ಬಾಡಿಗೆ ಮನೆ: ಖರ್ಚೂ ತಗ್ಗಬೇಕು, ಚಿಂತೆಯೂ ತಗ್ಗಬೇಕು

ಪ್ರಶ್ನೆ: ಸಾಲ ಮಾಡಿ ಕೊಂಡ ಮನೆಯೊಂದನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಎರಡು ವರ್ಷಗಳಲ್ಲಿ ಮೂರು ಕುಟುಂಬಗಳು ಬಂದುಹೋದವು. ಪ್ರತಿಸಲವೂ ಬಣ್ಣ, ನಲ್ಲಿ ರಿಪೇರಿ, ದಲ್ಲಾಳಿಯ ಕಮಿಷನ್ ಎಂದು ಹಣ ಹೋಗುತ್ತದೆ. ರಾತ್ರಿ ಬಾಡಿಗೆದಾರರ ಫೋನ್ ಬಂದರೆ ಎದೆ ಢವಗುಟ್ಟುತ್ತದೆ. ನಿರ್ವಹಣೆಯನ್ನು ಏಜೆನ್ಸಿಗೆ ವಹಿಸಲೇ? ಎರಡನೆಯ ಮನೆ ಕೊಳ್ಳಬೇಕೆಂಬ ಯೋಚನೆಯೂ ಇದೆ, ಅದು ಸರಿಯೇ?

ಉತ್ತರ: ನೀವು ಬಣ್ಣ, ನಲ್ಲಿ, ಕಮಿಷನ್‌ಗಳ ಲೆಕ್ಕ ಬರೆದಿದ್ದೀರಿ, ಮನೆ ಖಾಲಿ ಬಿದ್ದ ತಿಂಗಳುಗಳ ಲೆಕ್ಕ ಬರೆದಿಲ್ಲ. ನಿಮ್ಮ ದೊಡ್ಡ ಖರ್ಚು ಅದೇ ಇರಬೇಕೆಂದು ನನಗನ್ನಿಸುತ್ತದೆ. ತಿಂಗಳ ಬಾಡಿಗೆಯನ್ನು 100 ಎಂದಿಟ್ಟುಕೊಳ್ಳಿ. ಇದ್ದವರೇ ಮುಂದುವರಿದರೆ ವರ್ಷಕ್ಕೆ 1,200 ಬರುತ್ತದೆ. ಶೇ 5ರಷ್ಟು ಹೆಚ್ಚು ಕೊಡುವ ಹೊಸಬರಿಗಾಗಿ ಒಂದೇ ಒಂದು ತಿಂಗಳು ಕಾದರೂ, ಉಳಿದ 11 ತಿಂಗಳಿಗೆ 105ರಂತೆ ಕೈಗೆ ಬರುವುದು 1,155 ಮಾತ್ರ. ಆ ಕೊರತೆ ತುಂಬಲು, ಖಾಲಿ ಬಿದ್ದ ತಿಂಗಳೂ ಸೇರಿ, ಒಟ್ಟು 21 ತಿಂಗಳು ಹಿಡಿಯುತ್ತದೆ. ಬಣ್ಣದ ಖರ್ಚನ್ನೂ ಕಮಿಷನ್ನನ್ನೂ ಸೇರಿಸಿದರೆ ಅದು ಇನ್ನಷ್ಟು ಮುಂದಕ್ಕೆ ಹೋಗುತ್ತದೆ. ಆದ್ದರಿಂದ ಸಕಾಲಕ್ಕೆ ಬಾಡಿಗೆ ಕೊಟ್ಟು ಮನೆಯನ್ನು ಚೊಕ್ಕಟವಾಗಿ ನೋಡಿಕೊಳ್ಳುವವರು ಸಿಕ್ಕರೆ, ಬಾಡಿಗೆಯನ್ನು ಸ್ವಲ್ಪ ಕಡಿಮೆ ಏರಿಸಿಯಾದರೂ ಅವರನ್ನು ಉಳಿಸಿಕೊಳ್ಳಿ. ಅವರು ಏಕೆ ಬಿಟ್ಟುಹೋಗುತ್ತಾರೆ ಎಂಬುದನ್ನು ಹೋಗುವವರಿಂದಲೇ ಕೇಳಿ ತಿಳಿಯಿರಿ. ಎಷ್ಟೋ ಸಲ ತಿಂಗಳುಗಟ್ಟಲೆ ಸರಿಮಾಡಿಸದೆ ಬಿಟ್ಟ ಒಂದು ಸಣ್ಣ ಸೋರಿಕೆಯೇ ಕಾರಣವಾಗಿರುತ್ತದೆ.

ಸೋರಿಕೆಯ ವಿಷಯವನ್ನು ಒತ್ತಿ ಹೇಳಬೇಕು. ತಾರಸಿಯಿಂದಲೋ ಸ್ನಾನದ ಮನೆಯಿಂದಲೋ ಇಳಿದ ನೀರು ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳನ್ನು ತಲುಪಿದರೆ ಅದು ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಉಬ್ಬಿ, ಸುತ್ತಲಿನ ಕಾಂಕ್ರೀಟನ್ನೇ ಸೀಳುತ್ತದೆ. ಆರಂಭದಲ್ಲಿ ಒಬ್ಬ ಪ್ಲಂಬರ್ ಅರ್ಧ ದಿನದಲ್ಲಿ ಮುಗಿಸಬಹುದಾಗಿದ್ದ ಕೆಲಸ ಆಮೇಲೆ ಗಾರೆ ಒಡೆಯುವ ಕೆಲಸವಾಗುತ್ತದೆ. ಮಳೆಗಾಲಕ್ಕೆ ಮೊದಲು ತಾರಸಿ, ನೀರು ಹೋಗುವ ಕೊಳವೆ, ಟ್ಯಾಂಕ್‌ಗಳನ್ನು ವರ್ಷಕ್ಕೊಮ್ಮೆ ನೀವೇ ನಿಂತು ನೋಡಿ. ಮನೆಗೆ ನೀರು ಬರುವ ಮುಖ್ಯ ವಾಲ್ವ್ ಮತ್ತು ವಿದ್ಯುತ್ತಿನ ಮೇನ್ ಸ್ವಿಚ್ ಎಲ್ಲಿವೆ ಎಂದು ಬಾಡಿಗೆದಾರರಿಗೆ ಮೊದಲ ದಿನವೇ ತೋರಿಸಿ, ನಂಬಿಕಸ್ಥ ಪ್ಲಂಬರ್ ಮತ್ತು ಎಲೆಕ್ಟ್ರಿಷಿಯನ್ನರ ನಂಬರುಗಳನ್ನು ಬರೆದುಕೊಡಿ. ರಾತ್ರಿಯ ಫೋನುಗಳಲ್ಲಿ ಬಹುಪಾಲು ಇಷ್ಟಕ್ಕೇ ನಿಲ್ಲುತ್ತವೆ.

ಕೀಲಿ ಕೊಡುವಾಗ ಪ್ರತಿಯೊಂದು ಕೋಣೆಯ ಫೋಟೋ ತೆಗೆದು, ಇಬ್ಬರೂ ಸಹಿ ಮಾಡಿದ ಪಟ್ಟಿಯನ್ನು ಕರಾರುಪತ್ರದ ಜೊತೆ ಇಡಿ. ಯಾವ ರಿಪೇರಿ ಯಾರ ಪಾಲಿನದು ಎಂಬುದೂ ಅದರಲ್ಲಿರಲಿ. ಮುಂಗಡ ಹಿಂದಿರುಗಿಸುವಾಗ ಹುಟ್ಟುವ ಜಗಳ, ಗೋಡೆಯ ಕಲೆ ಯಾರದೆಂಬ ವಾದ, ಎರಡಕ್ಕೂ ಅದೇ ಉತ್ತರ.

ಏಜೆನ್ಸಿಯ ಬಗ್ಗೆ: ಮನೆ ನಿಮ್ಮೂರಲ್ಲೇ ಇದ್ದರೆ, ಒಂದೇ ಮನೆಗೆ ಅದರ ಅಗತ್ಯವಿಲ್ಲ. ದೂರದಲ್ಲಿದ್ದರೆ ವಹಿಸಬಹುದು, ಆದರೆ ನಿಮ್ಮನ್ನು ಕೇಳದೆ ಎಷ್ಟು ಮೊತ್ತದವರೆಗೆ ರಿಪೇರಿ ಮಾಡಿಸಬಹುದು, ರಸೀದಿ ಕೊಡುತ್ತಾರೆಯೇ, ಹೊಸಬರು ಬಂದಾಗ ಬೇರೆ ಶುಲ್ಕ ಪಡೆಯುತ್ತಾರೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಹೊಸಬರು ಬಂದಾಗಲೆಲ್ಲ ಶುಲ್ಕ ದೊರೆಯುವ ಸಂಸ್ಥೆಗೆ ಹಳಬರನ್ನು ಉಳಿಸುವ ಆಸಕ್ತಿ ಕಡಿಮೆಯಾಗಬಹುದು.

ಎರಡನೆಯ ಮನೆ ಈಗ ಬೇಡ. ಬಾಡಿಗೆಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು, ಸಾಲದ ಕಂತು, ತೆರಿಗೆ, ವಿಮೆ, ರಿಪೇರಿ ಎಲ್ಲವೂ ಅದರಿಂದಲೇ ಹೋಗುವಂತೆ ಮಾಡಿ, ಒಂದು ತಿಂಗಳು ಮನೆ ಖಾಲಿ ಇದ್ದರೂ ನಿಮ್ಮ ಸಂಬಳದಿಂದ ಹಣ ಸೇರಿಸದೆ ಒಂದು ಪೂರ್ಣ ವರ್ಷ ನಡೆಯುತ್ತದೆಯೇ ನೋಡಿ. ಅಷ್ಟರಲ್ಲಿ ಕೈಯಲ್ಲಿ ಹಣ ಉಳಿದರೆ ಇರುವ ಸಾಲಕ್ಕೆ ಕಟ್ಟಿ. ಶೇ 9ರ ಬಡ್ಡಿಯ ಸಾಲವನ್ನು 20 ವರ್ಷಗಳಲ್ಲಿ ತೀರಿಸಿದರೆ ಪಡೆದುದರ ಸುಮಾರು 2.16 ಪಟ್ಟು ಕಟ್ಟಬೇಕಾಗುತ್ತದೆ; 15 ವರ್ಷಗಳಲ್ಲಿ ತೀರಿಸಿದರೆ ಸುಮಾರು 1.83 ಪಟ್ಟು. ಇದಕ್ಕಾಗಿ ತಿಂಗಳ ಕಂತು ಏರುವುದು ಶೇ 13ರಷ್ಟು ಮಾತ್ರ, ಮತ್ತು ಈ ಉಳಿತಾಯಕ್ಕೆ ಹೊಸ ಬಾಡಿಗೆದಾರರನ್ನು ಹುಡುಕಬೇಕಾಗಿಲ್ಲ.