ರಿವಾಯತಕ್ಕೆ ಬೇರೆ ಹೆಸರು ಯಾಕೆ?

ಓದುಗರ ಪತ್ರ: ಕಳೆದ ಸಂಚಿಕೆಯ ‘ಹಬ್ಬದ ಹಾಡುಗಳು’ ಲೇಖನದಲ್ಲಿ ಸೋಬಾನೆ, ಕೋಲಾಟದ ಪದಗಳ ಜೊತೆ ಮೊಹರಂನಲ್ಲಿ ಹಾಡುವ ‘ರಿವಾಯತ’ವನ್ನೂ ಸೇರಿಸಿದ್ದೀರಿ. ಇದು ರಿವಾಜು ಎಂಬ ಉರ್ದು ಶಬ್ದದಿಂದ ಬಂದದ್ದು. ಅಚ್ಚಗನ್ನಡದಲ್ಲಿ ‘ಶೋಕಗೀತೆ’ ಎನ್ನಬಾರದೆ? ಮೊಹರಂ ದುಃಖದ ದಿನ, ಅದನ್ನು ಹಬ್ಬ ಎನ್ನುವುದೂ ಸರಿಯಲ್ಲ. ನಮ್ಮ ಮುಗ್ಧ ರೈತರಿಗೆ ಇಂಥ ಶಬ್ದ ಕಲಿಸಬೇಡಿ.
– ನಿವೃತ್ತ ಶಿಕ್ಷಕರು, ಜಮಖಂಡಿ

ಸಂಪಾದಕರ ಉತ್ತರ:

ಮಾಸ್ತರರೇ, ಒಪ್ಪಬೇಕಾದ್ದನ್ನು ಮೊದಲು ಒಪ್ಪಿಬಿಡುತ್ತೇನೆ. ಮೊಹರಂ ದುಃಖದ ದಿನವೇ. ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರು ತಮ್ಮವರೊಂದಿಗೆ ಮಡಿದರು. ರಿವಾಯತಗಳ ತಿರುಳೇ ಆ ಸಾವು. ಶಬ್ದವೂ ಅರಬಿಯದೇ. ಅಲ್ಲಿಗೆ ನಿಮ್ಮ ಪಾಲು ಮುಗಿಯಿತು.

ಆದರೆ ರಿವಾಯತಕ್ಕೂ ರಿವಾಜಿಗೂ ನೆಂಟಸ್ತಿಕೆ ಇಲ್ಲ. ರಿವಾಜು ಅಂದರೆ ರೂಢಿ, ಅದರ ಮೂಲವೇ ಬೇರೆ. ರಿವಾಯತ್ ಅಂದರೆ ಒಬ್ಬರಿಂದ ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳುವುದು, ಹಾಗೆ ಬಾಯಿಂದ ಬಾಯಿಗೆ ಬಂದ ಕಥೆ. ಮುದ್ದೇಬಿಹಾಳದ ಕಡೆಯ ಒಂದು ಹಳ್ಳಿಯಲ್ಲಿ ರಿವಾಯತ ಹಾಡುವ ಮೇಳದ ಹಿರಿಯರೊಬ್ಬರನ್ನು ಇದರ ಅರ್ಥ ಕೇಳಿದ್ದೆ. ಬೀರಪ್ಪನ ಒಕ್ಕಲು, ಹಣೆ ತುಂಬ ಭಂಡಾರ. ಶಾಲೆ ಕಟ್ಟೆ ಹತ್ತಿದವರಲ್ಲ. ‘ಹಿರ್ಯಾರು ಹೇಳಿದ್ದು ನಾವು ಹೇಳತೀವಿ, ನಾಳೆ ನಮ್ಮ ಮಕ್ಳು ಹೇಳತಾವು. ಅದಕ್ಕ ರಿವಾಯ್ತ ಅಂತಾರ್ರಿ’ ಅಂದರು. ಯಾವ ನಿಘಂಟು ಇದಕ್ಕಿಂತ ಚೆಂದ ಹೇಳೀತು? ರೈತರಿಗೆ ನಾನು ಕಲಿಸಿದ್ದಲ್ಲ ಮಾಸ್ತರರೇ, ಅವರಿಂದ ಕಲಿತದ್ದು.

ಇನ್ನು ಅಚ್ಚಗನ್ನಡದ ಮಾತು. ಶೋಕವೂ ಸಂಸ್ಕೃತ, ಗೀತೆಯೂ ಸಂಸ್ಕೃತ. ನಿಮಗೆ ತಕರಾರಿಲ್ಲದ ಸೋಬಾನೆ ಕೂಡ ‘ಶೋಭನ’ದಿಂದ ಹುಟ್ಟಿದ್ದೇ. ನಮ್ಮ ಹೆಂಗಸರು ಶಕಾರ ಭಕಾರಗಳ ಬಿಗುಮಾನ ಇಳಿಸಿ ಅದನ್ನು ಮದುವೆ ಹಂದರಕ್ಕೆ ತಂದುಕೊಂಡರು. ಹೀಗೆ ರೂಪ ಬದಲಿಸಿಕೊಂಡು ಬಂದ ಶಬ್ದಗಳಿಗಾಗಿ ಕೇಶಿರಾಜ 13ನೇ ಶತಮಾನದಲ್ಲೇ ತನ್ನ ವ್ಯಾಕರಣದಲ್ಲಿ ಒಂದು ಪ್ರಕರಣ ಬರೆದಿಟ್ಟ. ಸಂಸ್ಕೃತ ಬಂದರೆ ಬಾಗಿಲು ತೆರೆದು, ಅರಬಿ ಪಾರಸಿ ಬಂದರೆ ಚಿಲಕ ಹಾಕುವುದು ಯಾವ ನ್ಯಾಯ? ನೀವು ಅಷ್ಟು ಕಕ್ಕುಲತೆಯಿಂದ ಬರೆದ ‘ರೈತ’ ಅರಬಿ. ಅಂಗಡಿಯವರು ಕೊಡುವ ರಿಯಾಯಿತಿ ಅದರ ಒಡಹುಟ್ಟು. ನೀವು ಪತ್ರ ಬರೆದ ಕಾಗದ ಪಾರಸಿ.

ಹಬ್ಬ ಹೌದೋ ಅಲ್ಲವೋ ಎಂಬ ನಿಮ್ಮ ಪ್ರಶ್ನೆ ನನಗೆ ಹೆಚ್ಚು ಇಷ್ಟವಾಯಿತು. ಹೋಳಿಯಲ್ಲಿ ಕಾಮಣ್ಣನನ್ನು ಸುಟ್ಟು ಬಾಯಿ ಬಾಯಿ ಬಡಿದುಕೊಂಡು ಅಳುತ್ತೇವೆ. ಬುಟ್ಟಿಯಲ್ಲಿ ಕೂತು ಮನೆಮನೆಗೆ ಬರುವ ಜೋಕುಮಾರನೂ ಕೊನೆಗೆ ಸಾಯುತ್ತಾನೆ. ಎರಡೂ ಹಬ್ಬವೇ ಅಲ್ವಾ? ಸಾವನ್ನು ಹಾಡಿ ಕುಣಿಯುವುದು ನಮ್ಮ ಸೀಮೆಗೆ ಹೊಸದಲ್ಲ. ಹಾಗಾಗಿ ಕರ್ಬಲಾದ ಕಥೆ ಇಲ್ಲಿಗೆ ಬಂದಾಗ ಜನ ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ದಸ್ತಿ (ಕರವಸ್ತ್ರ) ಹಿಡಿದು ಹೆಜ್ಜೆ ಹಾಕಿದರು. ಮಸೂತಿ ಮುಂದಿನ ಬೆಂಕಿ ಕುಣಿಗೆ ಅಲಾವಾ ಎಂಬ ಹೆಸರಿತ್ತು. ಅದು ಅಲಾವಿ, ಅಲಾಯಿ ಎಂದಾಗಿ ಹಬ್ಬಕ್ಕೇ ಹೆಸರಾಯಿತು. ಖತಲ್ ಅಂದರೆ ಕೊಲೆ. ಹುಸೇನರ ಸಾವನ್ನು ನೆನೆಯುವ ಆ ‘ಖತಲ್ ರಾತ್ರಿ’ ನಮ್ಮ ಹಳ್ಳಿಗಳ ಬಾಯಲ್ಲಿ ‘ಕತ್ತಲ ರಾತ್ರಿ’ ಆಗಿದೆ. ಯಾವ ಪಂಡಿತನೂ ಕೂತು ಮಾಡಿದ ಅನುವಾದವಲ್ಲ ಇದು.

ಸವದತ್ತಿ ತಾಲ್ಲೂಕಿನ ಹಿರೇಬಿದನೂರಿನಲ್ಲಿ ಮುಸ್ಲಿಮರ ಮನೆಗಳೇ ಇಲ್ಲ. ಆದರೂ ಊರವರು ಮೊಹರಂ ಬಿಟ್ಟಿಲ್ಲ. ನಮ್ಮ ಸೀಮೆಯಲ್ಲಿ ಈ ಹಬ್ಬಕ್ಕೆ ಹರಕೆ ಹೊತ್ತು ಲಾಡಿ (ಬಣ್ಣದ ದಾರ) ಹಾಕಿಕೊಂಡು ಫಕೀರರಾಗುವವರು, ದೇವರಿಗೆ ಸಕ್ಕರೆ ಓದಿಸುವವರು, ಚೊಂಗೆ ಎಂಬ ಸಿಹಿ ತಿಂಡಿ ಮಾಡಿ ಹಂಚುವವರು ಎಲ್ಲ ಜಾತಿಯಲ್ಲೂ ಇದ್ದಾರೆ. ಹಿಜರಿ ವರ್ಷ ನಮ್ಮ ಕ್ಯಾಲೆಂಡರಿಗಿಂತ ಸುಮಾರು 11 ದಿನ ಚಿಕ್ಕದು. ಹೀಗಾಗಿ ಅಲಾವಿ ಒಮ್ಮೆ ಬಿತ್ತಿಗೆಯಲ್ಲಿ ಬರುತ್ತದೆ, ಒಮ್ಮೆ ಸುಗ್ಗಿಯಲ್ಲಿ. ಎಷ್ಟೇ ಕೆಲಸವಿದ್ದರೂ ಮೇಳ ನಿಲ್ಲುವುದಿಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇರುವುದು ಬೇರೆ ಕಡೆ. ಹಿಂದೆ ಒಂದು ಉತ್ಸವದಲ್ಲಿ ಹಳ್ಳಿಯ ಮೇಳವನ್ನು ಕರೆಸಿದ್ದರು. ನಿರೂಪಕರು ‘ಈಗ ಭಾವೈಕ್ಯದ ಕಥನಗೀತೆ’ ಎಂದು ಘೋಷಿಸಿದರು. ಕಥೆ ಕರ್ಬಲಾ ಮುಟ್ಟುವ ಮೊದಲೇ ಮೈಕು ಬಂದ್. ಶಾಲು, ಹಾರ, ಫೋಟೊ, ಆಮೇಲೆ ಭಾಷಣ. ‘ರಿವಾಯತ ಅಂತ ಯಾಕೆ ಹೇಳಲಿಲ್ಲ?’ ಎಂದು ಕೇಳಿದ್ದಕ್ಕೆ ಬಂದ ಉತ್ತರ: ‘ಜನಕ್ಕೆ ಅರ್ಥ ಆಗಲ್ಲ ಸರ್.’ ಯಾವ ಜನಕ್ಕೆ? ವೇದಿಕೆ ಮೇಲೆ ಬೆವರು ಒರೆಸಿಕೊಳ್ಳುತ್ತಿದ್ದವರು ಇವರ ಲೆಕ್ಕಕ್ಕೆ ಜನ ಅಲ್ಲ!

ಶಿಶುನಾಳ ಶರೀಫರ (1819–1889) ಗತಿಯೂ ಇದೇ. ಅವರ ತತ್ವಪದಗಳು ಸುಗಮ ಸಂಗೀತದವರ ಕೈಗೆ ಸಿಕ್ಕು ನಾಡೆಲ್ಲ ತಿರುಗಿದವು. ಅದೇ ಶರೀಫರು ಹೆಜ್ಜೆ ಮೇಳಕ್ಕೆ ಕಟ್ಟಿದ ರಿವಾಯತಗಳನ್ನು ಕೇಳುವವರಿಲ್ಲ. ಬೀಸುಕಲ್ಲಿನ ಹಾಡುಗಳ ಪುಣ್ಯ ದೊಡ್ಡದು, ಅವುಗಳನ್ನು ಕೂಡಿಹಾಕಲು ಹಲಸಂಗಿ ಊರಿನ ಗೆಳೆಯರ ಬಳಗ ಸಿಕ್ಕಿತು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ಆ ಹಲಸಂಗಿ ಲಾವಣಿಕಾರ ಖಾಜಾಭಾಯಿಯ ಊರೂ ಹೌದು ಎಂಬುದನ್ನು ಸುಮ್ನೆ ನೆನಪಿಸುತ್ತಿದ್ದೇನೆ. ಮೊಹರಂ ಬೆನ್ನು ಹತ್ತಿ ಊರೂರು ಅಲೆದ ಲೇಖಕ ರಹಮತ್ ತರೀಕೆರೆಯವರಂಥವರು ಈಗಲೂ ಇದ್ದಾರೆ, ಆದರೆ ಕಡಿಮೆ. ಅತ್ತ ಹಾಡುವವರಿಗೆ ವಯಸ್ಸಾಗುತ್ತಿದೆ, ಇತ್ತ ಹುಡುಗರು ಡಿಜೆಗೆ ಪಟ್ಟಿ ಎತ್ತುತ್ತಿದ್ದಾರೆ.

ನಿಮ್ಮ ಅಕ್ಷರ ಮುತ್ತಿನಂತಿದೆ, ನಿವೃತ್ತಿಯ ಬಿಡುವೂ ಇದೆ. ಈ ಸಲ ಕತ್ತಲ ರಾತ್ರಿಗೆ ನಿಮ್ಮ ಸುತ್ತಿನ ಯಾವುದಾದರೂ ಹಳ್ಳಿಗೆ ಹೋಗಿ ನಾಲ್ಕು ಪದ ಬರೆದು ಕಳಿಸಿ. ಅವರು ಹಾಡಿದ ಹಾಗೇ ಬರೆಯಿರಿ, ತಿದ್ದಬೇಡಿ. ನಿಮ್ಮ ಹೆಸರಿನಲ್ಲೇ ಅಚ್ಚು ಹಾಕುತ್ತೇವೆ. ತಲೆಬರಹ ಮಾತ್ರ ನನ್ನದು.