ಮೂಳೆ ಸಾರು ಮುದ್ದೆಗಟ್ಟಿದರೆ ಕೆಟ್ಟಂತೆಯೇ?

ಪ್ರಶ್ನೆ: ನನಗೆ 58 ವರ್ಷ, ಮಂಡಿನೋವಿದೆ. ಮೂಳೆ ಸಾರು ಕುಡಿದರೆ ಸವೆದ ಕೀಲು ಸರಿಹೋಗುತ್ತದೆ, ಕ್ಯಾಲ್ಸಿಯಂ ಕೊರತೆಯೂ ನೀಗುತ್ತದೆ ಎಂದು ಪರಿಚಿತರು ಹೇಳಿದರು. ಕಳೆದ ವಾರ ರಾತ್ರಿ ಸಾರು ಮಾಡಿ, ಆರಲೆಂದು ಮುಚ್ಚಿ ಒಲೆಯ ಮೇಲೆಯೇ ಬಿಟ್ಟು, ಬೆಳಿಗ್ಗೆ ಫ್ರಿಜ್‌ನಲ್ಲಿಟ್ಟೆ. ಮಧ್ಯಾಹ್ನ ನೋಡಿದರೆ ಅಲುಗಾಡುವ ಮುದ್ದೆಯಾಗಿತ್ತು. ಕೆಟ್ಟಿದೆಯೆಂದು ಚೆಲ್ಲಿಬಿಟ್ಟೆ. ಎಲ್ಲಿ ತಪ್ಪಾಯಿತು?

ಉತ್ತರ: ನೀವು ಚೆಲ್ಲಿದ್ದು ಸರಿ, ಆದರೆ ಅದಕ್ಕೆ ಕೊಟ್ಟ ಕಾರಣ ಸರಿಯಲ್ಲ. ಮುದ್ದೆಗಟ್ಟುವುದು ಸಾರು ಚೆನ್ನಾಗಿ ಇಳಿದಿರುವುದರ ಗುರುತು. ಮೂಳೆಯ ತುದಿ, ಕೀಲು, ಚರ್ಮಗಳಲ್ಲಿ ಮೂರೆಳೆಯ ಹುರಿಯಂತಿರುವ ಕೊಲಾಜೆನ್ ಎಂಬ ಪ್ರೋಟೀನು ಬಹಳ ಹೊತ್ತು ಬೆಂದಾಗ ಹುರಿ ಬಿಚ್ಚಿಕೊಂಡು ಜೆಲಟಿನ್ ಆಗುತ್ತದೆ. ತಣ್ಣಗಾದಾಗ ಆ ಎಳೆಗಳು ಅಲ್ಲಲ್ಲಿ ಮತ್ತೆ ಹೆಣೆದುಕೊಂಡು ನೀರನ್ನು ಹಿಡಿದಿಡುತ್ತವೆ. ಬಿಸಿ ಮಾಡಿದರೆ ಕ್ಷಣದಲ್ಲಿ ಕರಗಿ ಸಾರಾಗುತ್ತದೆ.

ತಪ್ಪಾದದ್ದು ರಾತ್ರಿಯಿಡೀ ಹೊರಗೆ ಬಿಟ್ಟದ್ದು. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು (ಗಟ್ಟಿ ಕವಚದ ಸುಪ್ತ ರೂಪ) ಕುದಿತವನ್ನೂ ತಡೆದುಕೊಂಡು, ದೊಡ್ಡ ಪಾತ್ರೆಯ ಸಾರು ನಿಧಾನವಾಗಿ ಆರುವಾಗ ಚಿಗುರಿ ವೇಗವಾಗಿ ಹೆಚ್ಚುತ್ತವೆ. ಮತ್ತೆ ಕುದಿಸಿದರೆ ಸಾಕೆಂದು ನಂಬುವಂತಿಲ್ಲ, ಏಕೆಂದರೆ ಬೇರೆ ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಕುದಿತಕ್ಕೂ ಜಗ್ಗುವುದಿಲ್ಲ. ಸೋಸಿದ ಕೂಡಲೇ ಅಗಲವಾದ ಚಿಕ್ಕ ಪಾತ್ರೆಗಳಿಗೆ ಹಂಚಿ, ತಣ್ಣೀರಿನ ಬೋಗುಣಿಯಲ್ಲಿಟ್ಟು ಕೈಯಾಡಿಸುತ್ತಾ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿರಿ. ಅಲ್ಲಿ 3–4 ದಿನ ಇಡಬಹುದು. ಹೆಚ್ಚು ದಿನಕ್ಕೆ ಬೇಕಾದರೆ ಫ್ರೀಜರ್‌ನಲ್ಲಿಡಿ.

ಇನ್ನು ಮಂಡಿಯ ಮಾತು. ಕುಡಿದ ಜೆಲಟಿನ್ ಜೀರ್ಣವಾಗಿ, ಪ್ರೋಟೀನಿನ ಬಿಡಿ ತುಣುಕುಗಳಾದ ಅಮೈನೋ ಆಮ್ಲಗಳೂ ಅವುಗಳ ಸಣ್ಣ ಸರಪಳಿಗಳಾದ ಪೆಪ್ಟೈಡ್‌ಗಳೂ ಆಗಿ ರಕ್ತ ಸೇರುತ್ತದೆ. ಅವನ್ನು ಎಲ್ಲಿ ಬಳಸಬೇಕೆಂಬುದು ದೇಹಕ್ಕೆ ಬಿಟ್ಟದ್ದು, ನೇರವಾಗಿ ಮಂಡಿಗೇ ಹೋಗಿ ಕೂರುವುದಿಲ್ಲ. ಅಳತೆ ಮಾಡಿ ಕೊಟ್ಟ ಕೊಲಾಜೆನ್ ಪುಡಿಯಿಂದ ಕೆಲವರಿಗೆ ನೋವು ತುಸು ಇಳಿದ ವರದಿಗಳಿದ್ದರೂ, ಪಾತ್ರೆಯಿಂದ ಪಾತ್ರೆಗೆ ಸಾರಿನ ಸಾಂದ್ರತೆ ಬದಲಾಗುವುದರಿಂದ ಅದೇ ಫಲವನ್ನು ಇಲ್ಲಿ ನಿರೀಕ್ಷಿಸಲಾಗದು.

ಕ್ಯಾಲ್ಸಿಯಂ ವಿಷಯದಲ್ಲಂತೂ ನಿರಾಸೆಯೇ. ಲಂಡನ್ನಿನಲ್ಲಿ ಆಹಾರ ಸಂಶೋಧಕರಾದ ಮೆಕ್ಯಾನ್ಸ್, ವಿಡೋಸನ್ ಮತ್ತು ಸಂಗಡಿಗರು 1934ರಲ್ಲೇ ಮೂಳೆ ಸಾರನ್ನು ಪರೀಕ್ಷಿಸಿ, ಅದರಲ್ಲಿ ಕ್ಯಾಲ್ಸಿಯಂ ಅತ್ಯಲ್ಪವೆಂದು ತೋರಿಸಿದ್ದರು. 250 ಮಿ.ಲೀ. ಹಾಲಿನಲ್ಲಿ ಸುಮಾರು 300 ಮಿ.ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಸಾರು ಅದರ ಹತ್ತಿರವೂ ಸುಳಿಯದು. ವಿನೆಗರ್ ಹಾಕಿದರೆ ಖನಿಜ ತುಸು ಹೆಚ್ಚು ಇಳಿಯುತ್ತದೆ, ಅಷ್ಟೇ. ಜೆಲಟಿನ್‌ನಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಗತ್ಯ ಅಮೈನೋ ಆಮ್ಲವಿಲ್ಲ. ಆದ್ದರಿಂದ ಬೇಳೆ, ಮೊಟ್ಟೆ, ಮಾಂಸಗಳ ಬದಲಿಗೆ ಇದು ನಿಲ್ಲಲಾರದು. ಹಸಿವಿಲ್ಲದ ರೋಗಿಗೆ, ಅಗಿಯಲಾಗದವರಿಗೆ ನೀರು, ಉಪ್ಪು, ಒಂದಿಷ್ಟು ಪ್ರೋಟೀನನ್ನು ರುಚಿಯೊಂದಿಗೆ ಒದಗಿಸುತ್ತದೆಂಬುದೇ ಇದರ ನಿಜವಾದ ಹಿರಿಮೆ, ಅದೇನೂ ಸಣ್ಣದಲ್ಲ.

ಪ್ರಶ್ನೆ: ಒಮ್ಮೆ ಗಟ್ಟಿಯಾಗುವ ಸಾರು ಇನ್ನೊಮ್ಮೆ ನೀರಾಗಿಯೇ ಉಳಿಯುವುದೇಕೆ? ಕುಕ್ಕರಿನಲ್ಲಿ ಮಾಡಬಹುದೇ?

ಉತ್ತರ: ನೀರು ಹೆಚ್ಚಾಗಿರಬೇಕು, ಇಲ್ಲವೇ ಬರೀ ನಳಿಕೆ ಮೂಳೆ ಹಾಕಿರಬೇಕು. ಮಜ್ಜೆಯಿಂದ ಜಿಡ್ಡು ಬರುತ್ತದೆ, ಜೆಲಟಿನ್ ಬರುವುದು ಕೀಲು ಮತ್ತು ಪಾದಗಳಿಂದ. ಒಂದು ಕಿಲೋ ಮೂಳೆಗೆ ಎರಡೂವರೆ ಲೀಟರ್ ನೀರು ಸಾಕು. ಮೊದಲು ಹತ್ತು ನಿಮಿಷ ಕುದಿಸಿ ಬೂದುಬಣ್ಣದ ನೊರೆಯ ಸಮೇತ ಆ ನೀರನ್ನು ಚೆಲ್ಲಿ, ಮೂಳೆ ತೊಳೆದು ಹೊಸ ನೀರಿನಲ್ಲಿಡಿ. ಆಮೇಲೆ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟೇ ಉರಿ ಇರಲಿ; ಕೊತಕೊತ ಕುದಿಸಿದರೆ ಜಿಡ್ಡು ನೀರಿನೊಳಗೆ ಬೆರೆತು ಸಾರು ಕದಡುತ್ತದೆ. ಕೋಳಿಯ ಮೂಳೆಗೆ 6–8 ಗಂಟೆ, ಕುರಿಯದಕ್ಕೆ 10–12 ಗಂಟೆ ಬೇಕು. ಕುಕ್ಕರಿನಲ್ಲಿ ಎರಡು-ಮೂರು ಗಂಟೆಯಲ್ಲಿ ಆಗುತ್ತದೆ, ನಡುವೆ ನೀರು ಆರದಂತೆ ನೋಡಿಕೊಳ್ಳಿ. ಈರುಳ್ಳಿ, ಕ್ಯಾರೆಟ್ ಕೊನೆಯ ಒಂದು ಗಂಟೆಗೆ ಸಾಕು. ಉಪ್ಪನ್ನು ಬಟ್ಟಲಿಗೆ ಬಡಿಸುವಾಗಲೇ ಹಾಕಿಕೊಳ್ಳಿ.

ರಕ್ತದೊತ್ತಡವಿರುವವರು ಉಪ್ಪಿನಲ್ಲಿ ಕೈ ಹಿಡಿತವಿರಿಸಲಿ. ಗೌಟ್ (ಯೂರಿಕ್ ಆಮ್ಲ ಹೆಚ್ಚಿ ಬರುವ ಕೀಲುನೋವು) ಅಥವಾ ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳದೆ ದಿನವೂ ಕುಡಿಯುವ ರೂಢಿ ಮಾಡಿಕೊಳ್ಳಬಾರದು.