ಬೇಸಿಗೆ ಶಿಬಿರದ ಮೇಲೂ ಪಿಎಚ್.ಡಿ. ಮಾಡಬಹುದೇ?

ಮಾನ್ಯರೇ,

ನಿಮ್ಮ ಪತ್ರ ತಲುಪಿತು. ಉಳಿದ ಓದುಗರಿಗೂ ವಿಷಯ ತಿಳಿಯಲೆಂದು ಅದರ ಸಾರ ಹೇಳುತ್ತೇನೆ. ನೀವು ಮಂಗಳೂರಿನಲ್ಲಿ ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದವರು. ನಿಮ್ಮ ತಂಗಿಯ ಮಗ ಅಮೆರಿಕದಲ್ಲೇ ಹುಟ್ಟಿ ಬೆಳೆದವನು. ಕಾಲೇಜು ರಜೆ ಬಂತೆಂದರೆ ಚರ್ಚಿನ ಬೇಸಿಗೆ ಶಿಬಿರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೌನ್ಸೆಲರ್ ಕೆಲಸ. ಈಗ ಅದೇ ವಿಷಯದಲ್ಲಿ ಎಂ.ಎ. ಓದಿ, ಪಿಎಚ್.ಡಿ. ಮಾಡಿ, ಪಾಠ ಹೇಳುತ್ತೇನೆ ಅನ್ನುತ್ತಿದ್ದಾನೆ. “ದೋಣಿಗೆ ಹುಟ್ಟು ಹಾಕೋದು, ಬೆಂಕಿ ಸುತ್ತ ಕೂತು ಹಾಡೋದು, ಇದರಲ್ಲಿ ಸಂಶೋಧನೆ ಮಾಡೋಕೆ ಏನಿದೆ? ಅವನಿಗೆ ಬುದ್ಧಿ ಹೇಳುವಂಥ ನಾಲ್ಕು ಮಾತು ಬರೆಯಿರಿ” ಎಂದು ಕೇಳಿದ್ದೀರಿ.

ಬುದ್ಧಿ ಹೇಳಲು ನನಗೆ ಮನಸ್ಸಿಲ್ಲ. ಸಂಶೋಧನೆ ಮಾಡಲು ಅಲ್ಲಿ ಬೇಕಾದಷ್ಟಿದೆ.

ಚರ್ಚಿನ ಶಿಬಿರ ನಿನ್ನೆ ಮೊನ್ನೆಯದಲ್ಲ. 1880ರಲ್ಲಿ ಕನೆಕ್ಟಿಕಟ್‌ನ ಪಾದ್ರಿ ಜಾರ್ಜ್ ಹಿಂಕ್ಲಿ ತಮ್ಮ ಚರ್ಚಿನ ಏಳು ಹುಡುಗರನ್ನು ರೋಡ್ ಐಲ್ಯಾಂಡ್‌ಗೆ ಕರೆದುಕೊಂಡು ಹೋಗಿ ಡೇರೆ ಹಾಕಿದರು. ಚರ್ಚಿನ ಮೊದಲ ಶಿಬಿರ ಎಂದು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದು ಅದನ್ನೇ. 1885ರಲ್ಲಿ ಕ್ರೈಸ್ತ ಯುವಕರ ಸಂಘವಾದ ವೈ.ಎಂ.ಸಿ.ಎ.ಯ ಸಮ್ನರ್ ಡಡ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಶುರು ಮಾಡಿದ ಶಿಬಿರ ಇವತ್ತಿಗೂ ನಡೆಯುತ್ತಿದೆ. ಪೇಟೆಗಳು ಬೆಳೆಯುತ್ತಿದ್ದ ಕಾಲ ಅದು. ಹುಡುಗರು ಕೆಡುತ್ತಿದ್ದಾರೆ ಎಂಬ ಭಯ ಹಿರಿಯರಿಗಿತ್ತು. ಕಾಡು, ನೀರು, ಪ್ರಾರ್ಥನೆ, ಒಳ್ಳೆಯ ಒಡನಾಟ ಸೇರಿದರೆ ಗುಣ ತಿದ್ದಬಹುದು ಎಂಬ ನಂಬಿಕೆಯೂ ಇತ್ತು.

ಆ ನಂಬಿಕೆ ನಿಜವೇ ಎಂದು ಪರೀಕ್ಷಿಸಲು ಹೊರಟವರೂ ಹಳಬರೇ. ಕೆನಡಾದ ಆಲ್ಗೊಂಕ್ವಿನ್ ಪಾರ್ಕ್‌ನಲ್ಲಿ ಕ್ಯಾಂಪ್ ಆಮೆಕ್ ಎಂಬ ಶಿಬಿರವಿದೆ. ಹೆಡ್ಲಿ ಡಿಮಕ್ ಮತ್ತು ಚಾರ್ಲ್ಸ್ ಹೆಂಡ್ರಿ ಅಲ್ಲಿನ ಹುಡುಗರ ನಡವಳಿಕೆಯನ್ನು ಗಮನಿಸಿ, ಬರೆದಿಟ್ಟು, ಅಳೆಯಲು ನೋಡಿದರು. ಅದು 1929ರಲ್ಲಿ ಪುಸ್ತಕವಾಗಿ ಬಂತು. ಮರುವರ್ಷವೇ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಿಂದ ಎಲ್.ಬಿ. ಶಾರ್ಪ್ ಅವರ ಡಾಕ್ಟರೇಟ್ ಪ್ರಬಂಧ ಅಚ್ಚಾಯಿತು. ಅವರದು ಚರ್ಚಿನ ಶಿಬಿರಗಳಲ್ಲ, ಬಡ ಮಕ್ಕಳ ಶಿಬಿರಗಳು. ಆದರೆ ಬೇಸಿಗೆ ಶಿಬಿರದ ಮೇಲೆ ಡಾಕ್ಟರೇಟ್ ಎಂಬುದು ಸುಮಾರು ನೂರು ವರ್ಷದ ಹಿಂದೆಯೇ ಆಗಿಹೋದ ಮಾತು ಎಂದು ಇದರಿಂದ ತಿಳಿಯುತ್ತದೆ ಅಲ್ವಾ? ಇಲಿನಾಯ್‌ನ ವೀಟನ್ ಎಂಬ ಕ್ರೈಸ್ತ ಕಾಲೇಜು 1951ರಿಂದ ವಿಸ್ಕಾನ್ಸಿನ್‌ನ ಕಾಡಿನಲ್ಲಿ ಹನಿರಾಕ್ ಎಂಬ ತನ್ನದೇ ಶಿಬಿರ ನಡೆಸುತ್ತಿದೆ. ಅಲ್ಲಿ ಮಕ್ಕಳು ರಜೆ ಕಳೆಯುತ್ತಾರೆ, ಕಾಲೇಜು ವಿದ್ಯಾರ್ಥಿಗಳು ಕಲಿಯುತ್ತಾರೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಶಿಬಿರದಲ್ಲಿ ಓದುವಂಥದ್ದು ಏನು?

ಇಂಥ ಎಷ್ಟೋ ಶಿಬಿರಗಳ ಕೊನೆಯ ರಾತ್ರಿಯನ್ನೇ ನೋಡಿ. ಬೆಂಕಿಯ ಸುತ್ತ ಮಕ್ಕಳು ಕೂತಿರುತ್ತಾರೆ. ಕೆಲವು ಕಡೆ ಒಬ್ಬೊಬ್ಬರೇ ಎದ್ದು ಒಂದು ಕಟ್ಟಿಗೆ ಚೂರನ್ನು ಬೆಂಕಿಗೆ ಹಾಕಿ ಸಾಕ್ಷಿ ಹೇಳುತ್ತಾರೆ: “ಇನ್ನು ಮೇಲೆ ನಾನು ದೇವರಿಗಾಗಿ ಬದುಕುತ್ತೇನೆ.” ಅಳುವವರು ಬಹಳ. ಆ ಕಣ್ಣೀರು ಸುಳ್ಳು ಎಂದು ನಾನು ಖಂಡಿತ ಹೇಳುವುದಿಲ್ಲ. ಆದರೆ ಹನ್ನೆರಡು ವರ್ಷದ ಮಗು ಅದು. ವಾರವಿಡೀ ಮನೆಯಿಂದ ದೂರ, ನಿದ್ದೆ ಕಮ್ಮಿ, ಸುತ್ತ ಎಲ್ಲರೂ ಅಳುತ್ತಿದ್ದಾರೆ. ಆ ಹೊತ್ತಿನಲ್ಲಿ ಮಾಡಿದ ತೀರ್ಮಾನ ಎಷ್ಟು ಅದರದ್ದು, ಎಷ್ಟು ಗುಂಪಿನದ್ದು? ಸೆಪ್ಟೆಂಬರ್‌ನಲ್ಲಿ ಶಾಲೆ ಶುರುವಾದ ಮೇಲೆ ಏನು ಉಳಿಯುತ್ತದೆ? ಶಿಬಿರಕ್ಕೆ ಹೋದ ಮಕ್ಕಳು ದೊಡ್ಡವರಾದ ಮೇಲೂ ಚರ್ಚಿಗೆ ಬರುತ್ತಾರೆ ಎಂದರೆ, ಅದು ಶಿಬಿರದ ಫಲವೋ, ಶಿಬಿರಕ್ಕೆ ಕಳಿಸುವಷ್ಟು ಭಕ್ತಿಯಿದ್ದ ಮನೆಯ ಫಲವೋ? ಇದನ್ನು ಬಿಡಿಸುವುದು ಬಹಳ ಕಷ್ಟ. ಸರಿಯಾಗಿ ತಿಳಿಯಬೇಕೆಂದರೆ ಶಿಬಿರಕ್ಕೆ ಹೋಗದ ಮಕ್ಕಳನ್ನೂ ಕೇಳಬೇಕು, ವರ್ಷಗಟ್ಟಲೆ ಹಿಂಬಾಲಿಸಬೇಕು.

ಮೆಚ್ಚಲಾಗದ ಸಂಗತಿಗಳೂ ಇವೆ. ಅಮೆರಿಕದ ಎಷ್ಟೋ ಶಿಬಿರಗಳು ದಶಕಗಳ ಕಾಲ ಕರಿಯರ ಮಕ್ಕಳನ್ನು ಸೇರಿಸಿಕೊಳ್ಳಲಿಲ್ಲ. ಬಿಳಿಯರ ಮಕ್ಕಳಿಗೆ ಗರಿಯ ಟೋಪಿ ತೊಡಿಸಿ ‘ಇಂಡಿಯನ್’ ಆಟ ಆಡಿಸಿದವು. ಆ ನೆಲದ ಮೂಲ ಜನರನ್ನು ಹಾಗೆ ವೇಷವಾಗಿಸಿದ್ದು ಧರ್ಮ ಕಲಿಸುವ ಜಾಗಗಳಲ್ಲೂ ನಡೆಯಿತು. ಇದನ್ನೆಲ್ಲ ದಾಖಲೆ ಇಟ್ಟು ಬರೆಯುವವರು ಬೇಕು. ಶಿಬಿರವನ್ನು ಪ್ರೀತಿಸುವವರೇ ಬರೆದರೆ ಇನ್ನೂ ಒಳ್ಳೆಯದು. ಪ್ರೀತಿಸುವವರು ಕೇಳುವ ಪ್ರಶ್ನೆಗೆ ಶಿಬಿರ ನಡೆಸುವವರು ಕಿವಿಗೊಡುತ್ತಾರೆ.

ಹೊಟ್ಟೆಪಾಡಿನ ವಿಷಯ ನೀವು ಕೇಳಿಲ್ಲ. ಆದರೂ ನಿಮ್ಮ ಆತಂಕ ಅಲ್ಲೇ ಇದೆ ಅನಿಸಿತು. ಶಿಬಿರದ ಅಧ್ಯಯನ ಎಂಬ ಹೆಸರಿನ ಪ್ರೊಫೆಸರ್ ಹುದ್ದೆಗಳು ಕಡಿಮೆ. ಈ ದಾರಿಯಲ್ಲಿ ಹೋದವರಲ್ಲಿ ಕೆಲವರು ದೇವಶಾಸ್ತ್ರದ ಕಾಲೇಜಿನಲ್ಲಿ ಯುವಜನ ಸೇವೆ ಕಲಿಸುತ್ತಾರೆ, ಕೆಲವರು ಶಿಬಿರದ ನಿರ್ದೇಶಕರಾಗುತ್ತಾರೆ, ಕೆಲವರು ಚರ್ಚುಗಳಿಗೆ ಸಮೀಕ್ಷೆ ಮಾಡಿಕೊಡುತ್ತಾರೆ. ಎರಡು ಮೂರು ಕೆಲಸ ಒಟ್ಟಿಗೆ ಹೊರುವುದೂ ಉಂಟು. ಸಾಲ ಮಾಡಿ ಓದುವುದಾದರೆ ಎರಡು ಸಲ ಯೋಚಿಸಲಿ. ಸ್ಕಾಲರ್‌ಶಿಪ್ ಸಿಕ್ಕರೆ ದಯವಿಟ್ಟು ತಡೆಯಬೇಡಿ.

ಅವನನ್ನು ಸುಮ್ನೆ ‘ಬೇಡ’ ಅನ್ನುವ ಬದಲು, “ನಿನಗೆ ಯಾವ ಪ್ರಶ್ನೆಗೆ ಉತ್ತರ ಬೇಕಾಗಿದೆ?” ಎಂದು ಕೇಳಿ. ‘ಶಿಬಿರ ಎಷ್ಟು ಒಳ್ಳೆಯದು ಎಂದು ತೋರಿಸಬೇಕು’ ಅಂದರೆ ಅವನು ಶಿಬಿರದಲ್ಲೇ ಕೆಲಸ ಮಾಡಲಿ, ಅದೂ ದೊಡ್ಡ ಕೆಲಸವೇ. ‘ನಾನು ನೋಡಿಕೊಂಡ ಮಕ್ಕಳಿಗೆ ಆಮೇಲೆ ಏನಾಯಿತು ತಿಳಿಯಬೇಕು’ ಅಂದರೆ ಅವನು ಓದಬೇಕಾದ ಹುಡುಗ.

ಇನ್ನೊಂದು ಕೋರಿಕೆ. ನಮ್ಮ ಕಡೆ ಏಪ್ರಿಲ್, ಮೇ ಬಂದರೆ ಚರ್ಚುಗಳಲ್ಲಿ ವಿ.ಬಿ.ಎಸ್. (ವೆಕೇಶನ್ ಬೈಬಲ್ ಸ್ಕೂಲ್, ಮಕ್ಕಳ ರಜೆಯ ಬೈಬಲ್ ಶಾಲೆ) ನಡೆಯುತ್ತದೆ. ಆಕ್ಷನ್ ಸಾಂಗ್, ಬಾಯಿಪಾಠದ ಬೈಬಲ್ ವಚನ, ಬಣ್ಣದ ಕಾಗದದ ಕೆಲಸ, ಕೊನೆಯ ದಿನ ಅಪ್ಪ ಅಮ್ಮಂದಿರ ಮುಂದೆ ಕಾರ್ಯಕ್ರಮ. ಕರ್ನಾಟಕದಲ್ಲಿ ಎಷ್ಟು ತಲೆಮಾರು ಇದರಲ್ಲಿ ಹಾಡಿ ಬೆಳೆದಿವೆ! ಅದರಿಂದ ಏನು ಕಲಿತರು, ಏನು ಮರೆತರು ಎಂದು ಕೂತು ಕೇಳುವ ಕೆಲಸ ಇಲ್ಲೂ ಆಗಬೇಕು. ಸೋದರಳಿಯ ರಜೆಗೆ ಬಂದಾಗ ಒಂದು ವಾರ ನಿಮ್ಮ ಚರ್ಚಿನ ವಿ.ಬಿ.ಎಸ್.ನಲ್ಲಿ ಕೂರಿಸಿ. ಕಂಡದ್ದನ್ನು ಬರೆಯಲಿ. ಕನ್ನಡ ಬರೆಯಲು ಬಾರದಿದ್ದರೆ ಅವನು ಹೇಳಲಿ, ನೀವು ಬರೆದುಕೊಡಿ. ನಮ್ಮ ಪತ್ರಿಕೆಯಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇನೆ.

— ಸಂಪಾದಕ